ಕಲಿತ ವಿದ್ಯೆಗೆ ತಕ್ಕ ಅಧಿಕಾರ ನರ್ಸುಗಳಿಗೆ ಏಕಿಲ್ಲ?

ಪುಣೆಯ ಖಾಸಗಿ ಆಸ್ಪತ್ರೆಗಳ ವಾರ್ಡುಗಳಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದ ಸಿಸ್ಟರ್‌ಗಳು ಬಹಳ ಜನ ಇದ್ದಾರೆ. ಅಂಥದೊಂದು ಆಸ್ಪತ್ರೆಯ ಆಡಳಿತ ವಿಭಾಗದಲ್ಲಿ ಕೆಲಸ ಮಾಡುವ ನನಗೆ, ಅವರ ಕಲಿಕೆಗೂ ಅವರಿಗಿರುವ ಅಧಿಕಾರಕ್ಕೂ ತಾಳಮೇಳವೇ ಇಲ್ಲ ಎನಿಸುತ್ತದೆ. ರಾತ್ರಿ ಪಾಳಿಯಲ್ಲಿ ರೋಗಿಯ ರಕ್ತದೊತ್ತಡ ಕುಸಿದರೆ ಅದನ್ನು ಏರಿಸುವ ನಾರ್‌ಅಡ್ರಿನಲಿನ್ ಎಂಬ ಔಷಧದ ಪಂಪಿನ ವೇಗವನ್ನು ಹೆಚ್ಚಿಸುವವರು, ಚೇತರಿಸಿಕೊಂಡಂತೆ ಹದವರಿತು ಇಳಿಸುವವರು, ಪ್ರತಿ ಗಂಟೆಯ ಮೂತ್ರದ ಅಳತೆಯನ್ನು ಹಾಳೆಯಲ್ಲಿ ಬರೆದಿಟ್ಟು ಏರುಪೇರಾದ ಕೂಡಲೇ ವೈದ್ಯರಿಗೆ ಫೋನ್ ಮಾಡುವವರು ಅವರೇ. ಆದರೆ ಔಷಧದ ಹಾಳೆಯಲ್ಲಿ ಆದೇಶದ ಸಹಿ ಮಾತ್ರ ಬೆಳಿಗ್ಗೆ ರೌಂಡ್ಸಿಗೆ ಬರುವವರದು.

ಈ ಅಂತರವನ್ನು ಕಡಿಮೆ ಮಾಡಲೆಂದೇ ಭಾರತೀಯ ಶುಶ್ರೂಷಾ ಪರಿಷತ್ತು ತೀವ್ರ ನಿಗಾ ವಿಭಾಗದ ನರ್ಸ್ ಪ್ರಾಕ್ಟಿಷನರ್ ಎಂಬ 2 ವರ್ಷಗಳ ಸ್ನಾತಕೋತ್ತರ ರೆಸಿಡೆನ್ಸಿಯನ್ನು, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವ ಕೋರ್ಸನ್ನು, ರೂಪಿಸಿತು. ಬಿಎಸ್‌ಸಿ ನರ್ಸಿಂಗ್ ಮುಗಿಸಿ, ಕನಿಷ್ಠ 1 ವರ್ಷ ರೋಗಿಗಳ ನಡುವೆ ದುಡಿದವರಿಗಷ್ಟೇ ಅಲ್ಲಿ ಪ್ರವೇಶ. ಪಠ್ಯದಲ್ಲಿ ತರಗತಿಯ ಪಾಠ ಶೇ 15, ಉಳಿದ ಶೇ 85 ಹಾಸಿಗೆಯ ಪಕ್ಕದ ಅಭ್ಯಾಸ. ಇಷ್ಟು ಬಿಗಿಯಾದ ತರಬೇತಿ ಪಡೆದವರೂ ರೋಗಿಗೆ ಬೇಕಾದ ಲ್ಯಾಬ್ ಪರೀಕ್ಷೆಗಳನ್ನು ಬರೆದುಕೊಡುವುದಾಗಲಿ, ಔಷಧ ಕೊಡುವುದಾಗಲಿ ಆಯಾ ಆಸ್ಪತ್ರೆಯ ಪ್ರೋಟೊಕಾಲ್ ಅನುಮತಿಸಿದಷ್ಟಕ್ಕೆ ಮಾತ್ರ. ಆಸ್ಪತ್ರೆ ಬದಲಾದರೆ ಅಧಿಕಾರವೂ ಬದಲಾಗುತ್ತದೆ. ಇಂಥ ಅಧಿಕಾರವನ್ನು ಕೃಪೆ ಎನ್ನಬೇಕೇ ಹೊರತು ಹಕ್ಕು ಎನ್ನಲಾಗದು.

ಇದೇ ಮಹಾರಾಷ್ಟ್ರ ಬೇರೆಯವರ ವಿಷಯದಲ್ಲಿ ಎಷ್ಟು ಉದಾರಿ ಎಂಬುದನ್ನು ನೋಡಿದರೆ ಸೋಜಿಗವಾಗುತ್ತದೆ. ಹೋಮಿಯೋಪಥಿ ವೈದ್ಯರು 1 ವರ್ಷದ ಔಷಧಶಾಸ್ತ್ರದ ಕೋರ್ಸ್ ಮುಗಿಸಿದರೆ ಅಲೋಪಥಿ ಔಷಧ ಬರೆಯಬಹುದೆಂದು ಇಲ್ಲಿನ ಸರ್ಕಾರ 2014ರಲ್ಲಿ ಕಾನೂನನ್ನೇ ತಿದ್ದಿತು. ಭಾರತೀಯ ವೈದ್ಯಕೀಯ ಸಂಘ ಅದನ್ನು ಇಂದಿಗೂ ವಿರೋಧಿಸುತ್ತಲೇ ಬಂದಿದೆ. ಹಳ್ಳಿಗಳ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳ ಹುದ್ದೆಗೂ ಈ ರಾಜ್ಯ 6 ತಿಂಗಳ ಸೇತು ಕೋರ್ಸಿನೊಂದಿಗೆ ಆಯುರ್ವೇದ ಪದವೀಧರರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಂಡಿತು. ನಮ್ಮ ಕರ್ನಾಟಕದಲ್ಲಿ ಅದೇ ಕುರ್ಚಿಯಲ್ಲಿ ಹೆಚ್ಚಾಗಿ ಕೂತಿರುವವರು ನರ್ಸಿಂಗ್ ಓದಿದವರು. ಅಲೋಪಥಿಯ ಔಷಧಗಳನ್ನು ಮೊದಲ ವರ್ಷದಿಂದಲೇ ಕೈಯಾರೆ ಕೊಟ್ಟು ಕಲಿತವರನ್ನು ಅಲ್ಲಿ ಕೂರಿಸಿದ್ದು, ನನ್ನ ಮಟ್ಟಿಗೆ, ಸರಿಯಾದ ಆಯ್ಕೆ. ಆದರೂ ಬಿಪಿ, ಸಕ್ಕರೆ ಕಾಯಿಲೆಯವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಶುರು ಮಾಡಿದ ಮಾತ್ರೆಯನ್ನು ಮುಂದುವರಿಸಿ ಕೊಡುವುದೇ ಅವರ ಮುಖ್ಯ ಕೆಲಸವಾಗಿ ಉಳಿದಿದೆ.

ಅಮೆರಿಕದಲ್ಲಿ ನರ್ಸ್ ಪ್ರಾಕ್ಟಿಷನರ್ ಎಂಬ ವೃತ್ತಿ ಹುಟ್ಟಿದ್ದು 1965ರಲ್ಲಿ, ಕೊಲೊರಾಡೋ ವಿಶ್ವವಿದ್ಯಾಲಯದಲ್ಲಿ, ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರ ಜೋಡಿ ಪ್ರಯತ್ನದಿಂದ. ಅಲ್ಲಿ ಇಂದಿಗೂ ಕೆಲವು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟಿಷನರ್‌ಗೆ ಪೂರ್ಣ ಸ್ವಾತಂತ್ರ್ಯವಿದೆ, ಟೆಕ್ಸಸ್‌ನಂಥ ರಾಜ್ಯದಲ್ಲಿ ವೈದ್ಯರೊಂದಿಗೆ ಲಿಖಿತ ಒಪ್ಪಂದವಿಲ್ಲದೆ ಔಷಧ ಬರೆಯುವಂತಿಲ್ಲ. ಆ ಪೂರ್ಣ ಸ್ವಾತಂತ್ರ್ಯವನ್ನು ಹಾಗೇ ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ರೋಗನಿರ್ಣಯ ತಪ್ಪಿದರೆ ಹೊಣೆ ಯಾರದು ಎಂಬ ವೈದ್ಯರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೇ ಪ್ರಶ್ನೆಯನ್ನು ಇಂದಿನ ವ್ಯವಸ್ಥೆಗೂ ಕೇಳಬೇಕು: ರಾತ್ರಿ ಫೋನಿನಲ್ಲಿ ಹೇಳಿದ ಆದೇಶಕ್ಕೆ ಬೆಳಿಗ್ಗೆ ಸಹಿ ಬೀಳುವ ತನಕ ಹೊಣೆ ಯಾರದು?

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೆಯ ಸೆಕ್ಷನ್ ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಪರವಾನಗಿ ಕೊಡಲು ಅವಕಾಶ ಕಲ್ಪಿಸಿದೆ; ಪ್ರಾಥಮಿಕ ಆರೈಕೆಯಲ್ಲಿ ಗೊತ್ತುಪಡಿಸಿದ ಔಷಧಗಳನ್ನು ಅವರು ಸ್ವತಂತ್ರವಾಗಿ ಬರೆಯಬಹುದು ಎನ್ನುತ್ತದೆ. 1947ರ ಹಳೆಯ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಶುಶ್ರೂಷೆ ಮತ್ತು ಸೂಲಗಿತ್ತಿ ವೃತ್ತಿಗಳಿಗೆಂದೇ ಹೊಸ ಕಾಯ್ದೆಯೂ ಬಂದಿದೆ. ಇವೆರಡನ್ನೂ ಒಟ್ಟಿಗಿಟ್ಟುಕೊಂಡು, ಯಾವ ತರಬೇತಿ ಪಡೆದ ನರ್ಸ್ ಯಾವ ಔಷಧವನ್ನು ಯಾವ ಪ್ರಮಾಣದವರೆಗೆ ಬರೆಯಬಹುದು, ಯಾವ ಲಕ್ಷಣ ಕಂಡರೆ ತಕ್ಷಣ ವೈದ್ಯರಿಗೆ ಒಪ್ಪಿಸಬೇಕು ಎಂಬ ಪಟ್ಟಿಯನ್ನು ದೇಶಕ್ಕೆಲ್ಲ ಒಂದಾಗಿ ಪ್ರಕಟಿಸಬೇಕು. ಪ್ರಯೋಗಕ್ಕೆ ಕರ್ನಾಟಕದ ಉಪಕೇಂದ್ರಗಳು ತಕ್ಕ ಜಾಗ. ಬಿಪಿ ಮಾತ್ರೆಗಳಿಂದ ಶುರು ಮಾಡಿದರೂ ಸಾಕು.