ಎಣಿಸಿದ ಮರದ ಹತ್ತಿರ ಮತ್ತೆ ಹೋಗಿ ನೋಡಿ

ನಿನ್ನೆ ಕತ್ತಲೆಕಾನಿನ ಜಡ್ಡಿಯಿಂದ, ಅಂದರೆ ಕಾಡಿನೊಳಗಿನ ಜೌಗು ನೆಲದಿಂದ, ಬಂದಾಗಿನಿಂದ ಮನಸ್ಸು ಸರಿ ಇಲ್ಲ. ಕಾಲಿಗೆ ಹತ್ತಿದ ಉಂಬಳ ಕಿತ್ತು, ಸ್ನಾನ ಮಾಡಿ ಊಟಕ್ಕೆ ಕೂತರೂ ಅದೇ ಮರ ಕಣ್ಣ ಮುಂದೆ.

ಏಳು ವರ್ಷದ ಹಿಂದೆ ಅಲ್ಲಿನ ಒಂದು ಅಪರೂಪದ ಜಾತಿಯ ಮರಗಳನ್ನು ಎಣಿಸುವಾಗ ಆ ಮರಕ್ಕೆ ನಂಬರಿನ ಒಂದು ಅಲ್ಯೂಮಿನಿಯಂ ಬಿಲ್ಲೆ ಹೊಡೆದಿದ್ದೆವು. ಮರ ದಪ್ಪ ಆಗುತ್ತದೆ, ಮೊಳೆ ಪೂರ್ತಿ ಬಡಿಯಬಾರದು, ಆಗಾಗ ಬಂದು ಸಡಿಲ ಮಾಡಬೇಕು ಅಂತ ಆಗಲೇ ಮಾತಾಗಿತ್ತು. ಯಾರೂ ಬರಲಿಲ್ಲ. ಈಗ ತೊಗಟೆ ಅರ್ಧ ಬಿಲ್ಲೆ ನುಂಗಿದೆ. ನಂಬರಿನಲ್ಲಿ 1 ಮಾತ್ರ ಕಾಣುತ್ತದೆ. ಅದು 14ನೇ ಮರವೋ 17ನೇ ಮರವೋ, ನನಗೂ ಹೇಳಲಾಗಲಿಲ್ಲ.

ಈ ಮರದ ಹೆಸರು ನನ್ನಿಂದ ನೀವು ಎಷ್ಟೋ ಸಲ ಕೇಳಿದ್ದೀರಿ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಗೇರಿನ ಬಳಗದ್ದು. ವಿಜ್ಞಾನಿಗಳು ಇದನ್ನು ಹೊಸ ಜಾತಿ ಅಂತ ಗುರುತಿಸಿದ್ದು 2000ದಲ್ಲಿ. ಹೆಸರಿನಲ್ಲೇ ನಮ್ಮ ಸಿದ್ದಾಪುರ ತಾಲ್ಲೂಕಿನ ಕಾನು ಇದೆ. ಕೆಸರು, ನೀರು ಆರದ, ಜಾಯಿಕಾಯಿ ಬಳಗದ ರಾಮಪತ್ರೆ ಮರಗಳಿರುವ ಜಡ್ಡಿಯೇ ಇದರ ಮನೆ. ಅಂಥ ಜಡ್ಡಿಗಳಲ್ಲಿ ಎಷ್ಟೋ ಹಿಂದೆಯೇ ಗದ್ದೆಯಾದವು, ಅಡಿಕೆ ತೋಟವಾದವು. ಉಳಿದ ಮರ ಬಹಳ ಕಡಿಮೆ.

ಅಷ್ಟು ಕಡಿಮೆ ಇರುವ ಮರವನ್ನು ಒಂದೇ ಸಲ ಎಣಿಸಿ ಬಿಟ್ಟರೆ ಏನು ಗೊತ್ತಾಗುತ್ತದೆ? ಅವತ್ತು ಎಷ್ಟಿದ್ದವು ಅಂತ, ಅಷ್ಟೇ. ಹೆಚ್ಚಾಗ್ತಿದೆಯಾ, ಕಡಿಮೆ ಆಗ್ತಿದೆಯಾ ಅಂತ ತಿಳಿಯಲು ಅದೇ ಮರದ ಬುಡಕ್ಕೆ ಮತ್ತೆ ಹೋಗಬೇಕು. ಎದೆ ಮಟ್ಟದಲ್ಲಿ ಟೇಪು ಹಿಡಿದು ದೊಡ್ಡ ಮರದ ಸುತ್ತಳತೆ ಬರೆದುಕೊಂಡರೆ ಸಾಲದು. ದೊಡ್ಡ ಮರ ನಮ್ಮ ಕಾಲಕ್ಕೂ ನಿಂತಿರುತ್ತದೆ. ಕೆಳಗೆ ಮರಿ ಉಳಿಯುತ್ತಿದೆಯಾ ಅನ್ನೋದೇ ಪ್ರಶ್ನೆ. ಈ ವರ್ಷದ ಮೊಳಕೆ ಎಷ್ಟು, ಮೊಣಕಾಲುದ್ದ ಎಷ್ಟು, ಆಳೆತ್ತರ ಎಷ್ಟು, ಇವನ್ನು ಬೇರೆ ಬೇರೆಯಾಗಿ ಎಣಿಸಬೇಕು.

ಆಗ ಮರಿಗಳಿಗೆ ಕೆಂಪು ರಿಬ್ಬನ್ ಕಟ್ಟಿದ್ದೆವು. ನಿನ್ನೆ ಕೆಸರಲ್ಲಿ ಕೈಯಾಡಿಸುವಾಗ ಒಂದು ರಿಬ್ಬನ್ ಸಿಕ್ಕಿತು. ಹಾಕಿದ ಗಂಟು ಹಾಗೇ ಇದೆ. ಒಳಗೆ ಗಿಡ ಇಲ್ಲ. ದನ ಮೇಯಿತೋ, ಮೇಲಿನ ಹಳ್ಳದ ನೀರು ಯಾರಾದರೂ ತಿರುಗಿಸಿ ಜಡ್ಡಿ ಒಣಗಿತೋ, ಕೊಂಬೆ ಬಿದ್ದು ಮುರಿಯಿತೋ? ನಡುವಿನ ಒಂದು ವರ್ಷವೂ ಯಾರೂ ಏನೂ ಬರೆದಿಟ್ಟಿಲ್ಲ. ಯಾವ ವರ್ಷ ಸತ್ತಿತು ಅನ್ನೋದೇ ಗೊತ್ತಿಲ್ಲದಿದ್ದರೆ, ಯಾತಕ್ಕೆ ಸತ್ತಿತು ಅಂತ ಯಾರನ್ನು ಕೇಳೋದು?

ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದರು: "ನೀನು ಸುಮ್ನೆ ತಲೆ ಕೆಡಿಸಿಕೊಳ್ತೀಯ. 2011ರಲ್ಲೇ ಅದು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಿಗೆ ಸೇರಿದೆ. ಕಡಿಮೆ ಆದರೆ ಗಿಡ ನೆಟ್ಟರಾಯ್ತು." ಮೀಸಲು ಆಗಿದ್ದು ಒಳ್ಳೆಯದೇ, ನಾನೂ ಖುಷಿ ಪಟ್ಟವನೇ. ಆದರೆ ಮೊಳಕೆ ಬದುಕಿತಾ ಅಂತ ಬೋರ್ಡು ಹೇಳುವುದಿಲ್ಲ. ಇನ್ನು ನೆಡುವ ಮಾತು. ಭತ್ತದ ಬೀಜದ ಹಾಗೆ ಒಣಗಿಸಿ ಚೀಲದಲ್ಲಿಡಲು ಇದು ಗದ್ದೆ ಬೆಳೆಯಲ್ಲ. ಜಡ್ಡಿಯ ರಾಮಪತ್ರೆಯ ಬೀಜವನ್ನೇ ನೋಡಿ, ಒಣಗಿದರೆ ಮೊಳೆಯುವ ಶಕ್ತಿಯೇ ಹೋಗುತ್ತದೆ. ಹಾಗೂ ನೆಟ್ಟಿರಿ ಅನ್ನಿ. ನೆಟ್ಟದ್ದು ಉಳಿಯಿತಾ ಅಂತ ನೋಡಲು ಮತ್ತೆ ಹೋಗಲೇಬೇಕಲ್ವಾ?

ಒಂದು ಮಾತು ಮುಚ್ಚಿಡಲಾರೆ. ಆ ಎಣಿಕೆ ಪುಸ್ತಕ ಏಳು ವರ್ಷ ಇದ್ದದ್ದು ನನ್ನ ಕಪಾಟಿನಲ್ಲೇ. ಅಪ್ಪನ ಕಾಯಿಲೆ, ಅಡಿಕೆಯ ಕೊಳೆ ರೋಗದ ಔಷಧಿ, ಕೊಯ್ಲು ಅಂತ ಪ್ರತಿ ವರ್ಷ ಮುಂದೆ ಹಾಕಿದೆ. ಬೈಕಿನಲ್ಲಿ ಒಂದು ತಾಸಿನ ದಾರಿ. ಹೋಗಬಹುದಿತ್ತು.

ನಿನ್ನೆ ಮೊಳೆ ಸಡಿಲ ಮಾಡಿ ಹೊಸ ಬಿಲ್ಲೆ ಹಾಕಿದೆ. ಬುಡದಿಂದ ಎರಡು ಮಾರು ದೂರದಲ್ಲಿ ಎರಡು ಮೊಳಕೆ ಇದ್ದವು. ಒಂದು ಗೇಣುದ್ದ, ಇನ್ನೊಂದಕ್ಕೆ ಈಗಷ್ಟೇ ಎಲೆ ಬಿಚ್ಚಿದೆ. ಎರಡನ್ನೂ ಅಳೆದು, ತಾರೀಖು ಹಾಕಿ ಬರೆದಿದ್ದೇನೆ. ಮುಂದಿನ ವರ್ಷ ಇದೇ ತಿಂಗಳು ಮತ್ತೆ ಹೋಗುತ್ತೇನೆ. ಜೊತೆಗೆ ಬರುವವರು ಇನ್‌ಬಾಕ್ಸ್‌ಗೆ ಬನ್ನಿ. ಯಾವ ಹಳ್ಳ ಅಂತ ಮಾತ್ರ ಕಮೆಂಟಿನಲ್ಲಿ ಕೇಳಬೇಡಿ, ಇಲ್ಲಿ ಬರೆಯುವುದಿಲ್ಲ.