ಸೈನ್ ಮತ್ತು ಅಂಗಿಯ ಜೇಬು

ತ್ರಿಕೋನಮಿತಿಯ ‘ಸೈನ್’ ಲ್ಯಾಟಿನ್ ಪದ ಅಂತ ಹೇಳಿ ನಿಮ್ಮ ಈ ಲೇಖನದಲ್ಲಿ ಅಲ್ಲಿಗೇ ಬಿಟ್ಟಿದ್ದೀರಿ. ಹಿಂದಕ್ಕೆ ಹೋದರೆ ಮಜಾ ಜಾಸ್ತಿ. ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ಇದನ್ನು ‘ಅರ್ಧಜ್ಯಾ’ ಎಂದಿದ್ದ. ಜ್ಯಾ ಅಂದರೆ ಬಿಲ್ಲಿನ ಹೆದೆ. ಅದಕ್ಕೆ ‘ಜೀವಾ’ ಅನ್ನೋ ಹೆಸರೂ ಇತ್ತು. ಅರಬರು ಅರ್ಥದ ಗೊಡವೆಗೆ ಹೋಗದೆ, ಕೇಳಿದ ಹಾಗೆ ‘ಜೀಬಾ’ ಎಂದು ಬರೆದುಕೊಂಡರು. ಅರಬಿ ಬರಹದಲ್ಲಿ ಸ್ವರದ ಗುರುತು ಹಾಕುವುದು ಕಡಿಮೆ. ಹಾಗಾಗಿ ಅದು ‘ಜೈಬ್’ ಎಂದೂ ಓದಿಸಿಕೊಂಡಿತು. ಜೈಬ್ ಅಂದರೆ ಅಂಗಿಯ ಎದೆಭಾಗದ ಮಡಿಕೆ. 12ನೇ ಶತಮಾನದ ಅನುವಾದಕರು ಅದೇ ಅರ್ಥ ಹಿಡಿದು ಲ್ಯಾಟಿನ್‌ನಲ್ಲಿ ‘ಸೈನಸ್’ ಮಾಡಿದರು. ಮೂಗಿನ ಸೈನಸ್ಸೂ ಇದೇ ಪದ, ಪಾಪ!

ನಮ್ಮ ವಿಜಯಪುರದಲ್ಲಿ ‘ಕಿಸೆ’ ಅನ್ನೋರೇ ಜಾಸ್ತಿ. ಆದರೆ ‘ಜೇಬು’ ಯಾರಿಗೆ ಗೊತ್ತಿಲ್ಲ? ಅದೂ ಇದೇ ಜೈಬ್‌ನಿಂದ, ಫಾರಸಿ, ಉರ್ದು ದಾಟಿ ಬಂದದ್ದು. ಅಂದರೆ ಹೈಸ್ಕೂಲ್ ಹುಡುಗರ ಜೇಬೂ ಅವರ ಗಣಿತ ಪುಸ್ತಕದ ಸೈನೂ ನೆಂಟರು!

ಒಂದು ತಕರಾರೂ ಇದೆ. ಕೆಳಗೆ ಕಾಮೆಂಟಿನಲ್ಲಿ ಒಬ್ಬರು ‘ಕೊಸೈನ್’ನಲ್ಲಿರುವ ‘ಕೊ’, ಅದರ ಸಂಸ್ಕೃತ ಹೆಸರಾದ ನಮ್ಮ ‘ಕೋಟಿಜ್ಯಾ’ದ್ದೇ ಎಂದಿದ್ದಾರೆ. ಕೇಳಲು ಚೆಂದ, ಆದರೆ ನಿಜ ಅಲ್ಲ. ಅದು ಲ್ಯಾಟಿನ್‌ನ ‘ಕಾಂಪ್ಲಿಮೆಂಟಿ ಸೈನಸ್’, ಅಂದರೆ ಪೂರಕ ಕೋನದ ಸೈನ್. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗುಂಟರ್ 1620ರಲ್ಲಿ ಅದನ್ನು ಚಿಕ್ಕದು ಮಾಡಿದ, ಅಷ್ಟೇ.