ಡಿಜೆರಿಡೂ ನಮ್ಮ ಕಹಳೆಯಲ್ಲ: ಒಂದು ಸ್ಪಷ್ಟನೆ

ಆಸ್ಟ್ರೇಲಿಯಾದ ಡಿಜೆರಿಡೂ ಎಂದರೆ ಉಳಿಯಿಂದ ಪೂರ್ತಿ ಕೊರೆದು ಮಾಡಿದ ಮರದ ಕಹಳೆ ಎಂಬ ಸಂದೇಶ ಚಿತ್ರದುರ್ಗದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಅಲ್ಲಿನ ಕೊರೆಯುವ ಕೆಲಸದ ಬಹುಪಾಲು ಗೆದ್ದಲಿನದು. ನಮ್ಮಲ್ಲಿ ನೀಲಗಿರಿ ಎನ್ನುವ ಜಾತಿಯದೇ ಮರ. ಜೀವಂತ ಮರದ ತಿರುಳನ್ನು ಗೆದ್ದಲು ತಿಂದಿರುತ್ತದೆ. ಬಲ್ಲವರು ಕಾಂಡವನ್ನು ತಟ್ಟಿ, ಕಿವಿಗೊಟ್ಟು, ಟೊಳ್ಳಿನ ಸದ್ದು ಕೇಳಿದ ಮೇಲೆಯೇ ಕಡಿಯುತ್ತಾರೆ. ತೊಗಟೆ ಸುಲಿದು, ಒಳಗಿನ ಹುಡಿ ತೆಗೆದು, ತುಟಿಯಿಡುವ ಕಡೆ ಜೇನುಮೇಣ ಮೆತ್ತುತ್ತಾರೆ. ಉತ್ತರ ಆಸ್ಟ್ರೇಲಿಯಾದ ಯೋಲ್ಙು ಜನ ಇದನ್ನು 'ಯಿಡಾಕಿ' ಎನ್ನುತ್ತಾರೆ. ಆ ಹೆಸರನ್ನೂ ಹೇಳಬೇಕು, ವಾದ್ಯ ಅವರದು.

ಕಹಳೆ ಲೋಹದ್ದು, ಜಾತ್ರೆಯಲ್ಲಿ ಬಿಟ್ಟುಬಿಟ್ಟು ಮೊಳಗುತ್ತದೆ. ಯಿಡಾಕಿಯ ನಾದ ಕಡಿಯುವುದೇ ಇಲ್ಲ: ಕೆನ್ನೆಯಲ್ಲಿ ಹಿಡಿದ ಗಾಳಿ ಹೊರಬೀಳುವಾಗಲೇ ಮೂಗಿನಿಂದ ಉಸಿರು ಒಳಗೆ. ಹೋಲಿಸುವುದಾದರೆ ನಮ್ಮ ಶಹನಾಯಿಯವರ ಉಸಿರಾಟಕ್ಕೆ ಹೋಲಿಸಿ.